ನುಚ್ಚು ನಕ್ಷತ್ರದ ಇಪ್ಪತ್ತೆರಡು ಸೆಕೆಂಡು

ಬೆಳಗಿನ ಜಾವ ನಾಲ್ಕೂಕಾಲು. ಕುಮಟಾ ಹತ್ತಿರದ ಕಾಗಾಲದ ಮನೆಗಳನ್ನು ದಾಟಿ, ಗೇರುಮರಗಳ ನಡುವಿನ ಕಾಲುಹಾದಿ ಹಿಡಿದು ಹತ್ತಿದರೆ ಗುಡ್ಡದ ನೆತ್ತಿಯಲ್ಲಿ ಕೆಂಪುಕಲ್ಲಿನ ಒಂದು ಸಣ್ಣ ಕೋಣೆ ಸಿಗುತ್ತದೆ. ಕಮಲಿ ಹರಿಕಂತ್ರ ಅದರ ಬೀಗ ತೆಗೆದು, ಮೊದಲು ಮೂಲೆಮೂಲೆಗೂ ಟಾರ್ಚು ಬಿಟ್ಟು ಹಾವು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಎರಡೂ ಕೈ ಎತ್ತಿ ತಗಡಿನ ಮಾಡನ್ನು ತಳ್ಳುತ್ತಾರೆ. ಗೇಟಿಗೆ ಹಾಕುವ ಚಕ್ರಗಳ ಮೇಲೆ ಕೂತ ಮಾಡು ಗರಗರ ಎನ್ನುತ್ತ ಇಡಿಯಾಗಿ ಹಿಂದಕ್ಕೆ ಸರಿಯುತ್ತದೆ. ಕೋಣೆಯ ನಡುವೆ ಹತ್ತಿಂಚಿನ ದೂರದರ್ಶಕ, ಅದರ ಮೇಲೆ ಏಪ್ರಿಲ್ ತಿಂಗಳ ತುಂಬು ಆಕಾಶ.

ತಲೆಗೆ ಟವೆಲು ಸುತ್ತಿಕೊಂಡ ಕಮಲಿ ಸ್ಟೂಲಿನ ಮೇಲೆ ಕೂರುತ್ತಾರೆ. ಲ್ಯಾಪ್‌ಟಾಪಿನ ಪರದೆಗೆ ಕೆಂಪು ಗಾಜುಕಾಗದ ಅಂಟಿಸಿದ್ದಾರೆ, ಕತ್ತಲೆಗೆ ಹೊಂದಿದ ಕಣ್ಣು ಕೆಡದಿರಲೆಂದು. ದೂರದರ್ಶಕಕ್ಕೆ ಸಿಕ್ಕಿಸಿದ ಕ್ಯಾಮೆರಾ ಇಪ್ಪತ್ತು ಸೆಕೆಂಡಿಗೊಂದು ಫೋಟೊ ತೆಗೆಯುತ್ತದೆ. ಪರದೆಯ ಮೇಲೆ ಹತ್ತಾರು ಚುಕ್ಕಿಗಳು. ಅವುಗಳಲ್ಲಿ ತೀರಾ ಸಣ್ಣದೊಂದನ್ನು ಅವರು ಬೆರಳಿನಿಂದ ತೋರಿಸುತ್ತಾರೆ. ನಕ್ಷತ್ರಗಳ ಪಟ್ಟಿಗಳಲ್ಲಿ ಅದಕ್ಕೆ ಉದ್ದನೆಯ ಸಂಖ್ಯೆಯೇ ಹೆಸರು. ಕಮಲಿ ಕರೆಯುವುದು ‘ನುಚ್ಚು’ ಎಂದು, ಅಕ್ಕಿಯ ನುಚ್ಚಿನಷ್ಟೇ ಇರುವುದರಿಂದ.

ನಾಲ್ಕು ನಲವತ್ನಾಲ್ಕಕ್ಕೆ ನುಚ್ಚು ಮಂಕಾಗತೊಡಗುತ್ತದೆ. ಎರಡು ಮೂರು ಫೋಟೊ ಕಳೆಯುವಷ್ಟರಲ್ಲಿ ಅದರ ಬೆಳಕು ಕಾಲುಭಾಗಕ್ಕೆ ಇಳಿದಿರುತ್ತದೆ. ಐದು ಗಂಟೆಯ ಹೊತ್ತಿಗೆ ಅದು ಮತ್ತೆ ಮೊದಲಿನಂತಾದ ಮೇಲೆ ಕಮಲಿ, “ಆತು. ಹೊತ್ತಿಗೆ ಸರಿಯಾಗಿ ಬಂತು, ಹೋತು” ಎನ್ನುತ್ತಾರೆ. ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ಗ್ರಹಣ ನಾನೂರ ಹದಿಮೂರು.

ಕಮಲಿಗೆ ನಲವತ್ತೆಂಟು ವರ್ಷ. ಕುಮಟಾದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್. ಎಂಟೂ ನಲವತ್ತರ ಬಸ್ಸು ಹಿಡಿದು ಹೋಗಿ ಪ್ರಯೋಗಾಲಯ ತೆರೆಯುವುದು, ಮಸೂರಗಳನ್ನು ಒರೆಸುವುದು, ಲೋಲಕಗಳಿಗೆ ದಾರ ಕಟ್ಟುವುದು, ಸಂಜೆ ಎಣಿಸಿ ಕಪಾಟಿಗೆ ಸೇರಿಸುವುದು ಅವರ ಕೆಲಸ. ಗಂಡ ಮಾಬ್ಲ ತದಡಿ ಬಂದರಿನ ಮೀನುಗಾರಿಕೆ ಬೋಟಿನಲ್ಲಿ ದುಡಿಯುತ್ತಾರೆ. ಕಾಲೇಜಿನ ಕೆಲಸಕ್ಕೆ ಮೊದಲು ಮತ್ತು ಆಮೇಲೆ, ಮೋಡವಿಲ್ಲದ ದಿನಗಳಲ್ಲಿ ಕಮಲಿ ಈ ಗುಡ್ಡ ಹತ್ತುತ್ತಾರೆ. ಮಾರ್ಚಿನಿಂದ ಮೇವರೆಗೆ ಬೆಳಗಿನ ಜಾವ, ಅಕ್ಟೋಬರಿನಿಂದ ಜನವರಿಯ ನಡುವಿನವರೆಗೆ ಮುಸ್ಸಂಜೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ.

ಅವರು ಕಾಯುವ ನುಚ್ಚು ಕಣ್ಣಿಗೆ ಒಂದೇ ಚುಕ್ಕಿ, ನಿಜದಲ್ಲಿ ಎರಡು ನಕ್ಷತ್ರ. ಒಂದು ಶ್ವೇತಕುಬ್ಜ: ಸೂರ್ಯನ ತೂಕವನ್ನು ಭೂಮಿಯ ಗಾತ್ರದೊಳಗೆ ಅದುಮಿಟ್ಟುಕೊಂಡ ಮುದಿ ನಕ್ಷತ್ರ. ಇನ್ನೊಂದು ಅದಕ್ಕಿಂತ ತಣ್ಣಗಿನ, ಕೆಂಪು ಬಣ್ಣದ್ದು. ಇವೆರಡೂ ಎಷ್ಟು ಹತ್ತಿರವೆಂದರೆ ಕೆಂಪಿನ ಮೈಯಿಂದ ಅನಿಲ ಹರಿದು ಬಿಳಿಯದರ ಸುತ್ತ ತಟ್ಟೆಯಂತೆ ಸುತ್ತುತ್ತಿರುತ್ತದೆ. ಆಗಾಗ ಆ ತಟ್ಟೆ ಭುಗಿಲೆದ್ದು ಹೊಳೆಯುವುದರಿಂದ ಇಂಥವಕ್ಕೆ ಸ್ಫೋಟಕ ಚರನಕ್ಷತ್ರಗಳೆಂದು ಹೆಸರು. ಒಂದರ ಸುತ್ತ ಒಂದು ಬರಲು ಇವಕ್ಕೆ ಬೇಕಾಗುವುದು ಬರೀ ಮೂರು ಗಂಟೆ ಹನ್ನೆರಡು ನಿಮಿಷ. ಪ್ರತಿ ಸುತ್ತಿನಲ್ಲೂ ಕೆಂಪು ನಕ್ಷತ್ರ ನಮಗೂ ಬಿಳಿಯದಕ್ಕೂ ನಡುವೆ ಬಂದು ಅದನ್ನು ಮರೆಮಾಡುತ್ತದೆ. ಕಮಲಿ ಅಳೆಯುವುದು ಆ ಗ್ರಹಣದ ನಟ್ಟನಡುವಿನ ಹೊತ್ತನ್ನು.

ಅದರಿಂದ ಎಂತ ಪ್ರಯೋಜನ ಎಂದು ಊರಿನವರೂ ಕೇಳಿದ್ದಾರೆ, ನಾನೂ ಕೇಳಿದೆ. ಸುತ್ತುವ ಅವಧಿ ಬದಲಾಗದಿದ್ದರೆ ಗ್ರಹಣಗಳು ಲೆಕ್ಕದ ಪ್ರಕಾರ ಬರುತ್ತವೆ. ಜೋಡಿ ಹತ್ತಿರವಾಗುತ್ತ ಹೋದರೆ ಸ್ವಲ್ಪ ಮುಂಚೆ ಬರುತ್ತವೆ, ದೂರವಾದರೆ ತಡವಾಗಿ. ಕಣ್ಣಿಗೆ ಕಾಣದ ಮೂರನೆಯದೊಂದು, ಗ್ರಹವೋ ಇನ್ನೊಂದು ನಕ್ಷತ್ರವೋ ಅಲ್ಲಿದ್ದರೆ ಜೋಡಿಯನ್ನು ಅತ್ತಿತ್ತ ಎಳೆದು, ಗ್ರಹಣಗಳು ಕೆಲವು ವರ್ಷ ಬೇಗ, ಕೆಲವು ವರ್ಷ ತಡವಾಗಿ ಬರುವಂತೆ ಮಾಡುತ್ತದೆ. ಸೆಕೆಂಡುಗಳ ಈ ಹೆಚ್ಚುಕಡಿಮೆಯನ್ನು ವರ್ಷಗಟ್ಟಲೆ ಗುರುತಿಸಿಟ್ಟರೆ ಒಂದು ಗೆರೆ ಮೂಡುತ್ತದೆ. ದೊಡ್ಡ ವೀಕ್ಷಣಾಲಯಗಳಿಗೆ ಒಂದೇ ನಕ್ಷತ್ರಕ್ಕೆ ಇಷ್ಟು ದಿನ ಕೊಡಲು ಪುರಸೊತ್ತಿಲ್ಲ. ನುಚ್ಚಿನ ಹದಿನೈದು ವರ್ಷಗಳ ಗೆರೆಯಲ್ಲಿ ಕೊನೆಯ ಒಂಬತ್ತು ವರ್ಷಗಳ ಚುಕ್ಕಿಗಳಲ್ಲಿ ಹೆಚ್ಚಿನವು ಕಾಗಾಲದವು.

ಕಮಲಿಯ ತವರು ಮುರ್ಡೇಶ್ವರದ ಹತ್ತಿರದ ಮಾವಳ್ಳಿ. ಅಪ್ಪ ದೋಣಿಯವರು, ಅವ್ವ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವರು. ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಸಿಗೆ ಸೇರಿದ ವರ್ಷವೇ ಅಪ್ಪ ಕಾಯಿಲೆ ಬಿದ್ದರು, ಓದು ಅಲ್ಲಿಗೇ ನಿಂತಿತು. ಕಾಗಾಲಕ್ಕೆ ಮದುವೆಯಾಗಿ ಬಂದ ಮೇಲೆ ಕಾಲೇಜಿನಲ್ಲಿ ಕಸ ಗುಡಿಸುವ ದಿನಗೂಲಿಗೆ ಸೇರಿದ್ದು ಇಪ್ಪತ್ತೊಂದು ವರ್ಷದ ಹಿಂದೆ.

ಅಲ್ಲಿ ಅವರನ್ನು ಗುರುತಿಸಿದವರು ಭೌತಶಾಸ್ತ್ರದ ಉಪನ್ಯಾಸಕ ಅನಂತಮೂರ್ತಿ. ಆ ಕಥೆಯನ್ನು ಕಮಲಿ ನಗುತ್ತಲೇ ಹೇಳುತ್ತಾರೆ. ಲೋಲಕದ ಪ್ರಯೋಗ ಮುಗಿಸಿ ವಿದ್ಯಾರ್ಥಿಗಳು ದಾಖಲೆ ಪುಸ್ತಕ ಇಟ್ಟು ಹೋಗಿದ್ದರು. ಮೇಜು ಒರೆಸುತ್ತಿದ್ದ ಕಮಲಿ ತೆರೆದಿದ್ದ ಪುಟ ನೋಡಿದರು. ಮೂರನೇ ಮೇಜಿನ ನಾಲ್ಕೂ ಮಂದಿ ಸ್ಟಾಪ್‌ವಾಚಿನ ಸಮಯವನ್ನು ದಶಾಂಶದವರೆಗೆ ಬರೆದಿದ್ದರು. “ಆ ಮೇಜಿನ ವಾಚು ಕೆಟ್ಟು ಎರಡು ವರ್ಷ ಆಗಿತ್ತು. ನಾನೇ ದಿನಾ ಒರೆಸಿ ಇಡ್ತಿದ್ದೆ. ನಿಂತ ವಾಚಿನಾಗೆ ಇವ್ರು ಹೆಂಗೆ ಅಳ್ದ್ರು ಅಂತ ಸರ್ ಹತ್ರ ಕೇಳ್ದೆ.”

ಅನಂತಮೂರ್ತಿ ಮರುದಿನ ಇಡೀ ತರಗತಿಯಿಂದ ಪ್ರಯೋಗವನ್ನು ಹೊಸದಾಗಿ ಮಾಡಿಸಿದರು. ಸಂಜೆ ಕಮಲಿಯನ್ನು ಕರೆದು ಲೋಲಕವನ್ನು ಅಳೆಯುವುದು ಹೇಗೆಂದು ಕೈಹಿಡಿದು ಕಲಿಸಿದರು. ಲೋಲಕದಿಂದ ಮಸೂರ, ಮಸೂರದಿಂದ ದೂರದರ್ಶಕ ಹೀಗೆ ಪಾಠ ವರ್ಷಗಟ್ಟಲೆ ಮುಂದುವರಿಯಿತು. ನಿವೃತ್ತರಾದಾಗ ಅವರು ಬಂದ ಹಣದಲ್ಲಿ ಕಾಗಾಲದ ಗುಡ್ಡದ ಮೇಲೆ ಈ ಕೋಣೆ ಕಟ್ಟಿಸಿ, ದೂರದರ್ಶಕ ತಂದು ಕೂರಿಸಿದರು. ನಾಲ್ಕು ವರ್ಷ ಇಬ್ಬರೂ ಜೊತೆಗೇ ಗ್ರಹಣ ಹಿಡಿದರು. ಐದು ವರ್ಷದ ಹಿಂದೆ ಅನಂತಮೂರ್ತಿ ಹೃದಯಾಘಾತದಿಂದ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಅವರ ಹೆಂಡತಿ ಕಮಲಿಯ ಮನೆಗೆ ಬಂದು ಕೋಣೆಯ ಕೀಲಿಕೈ ಕೊಟ್ಟರು. ಇದು ಹೀಗೇ ಆಗಬೇಕೆಂದು ಅನಂತಮೂರ್ತಿ ಮೊದಲೇ ಹೇಳಿದ್ದರಂತೆ.

ಒಬ್ಬರೇ ಆದ ಮೇಲೆ ಕಷ್ಟ ಶುರುವಾಯಿತು. ಹೆಂಗಸೊಬ್ಬಳು ಬೆಳಕು ಹರಿಯುವ ಮೊದಲು ಗುಡ್ಡ ಹತ್ತುವುದನ್ನು ಊರು ಬಗೆಬಗೆಯಾಗಿ ಆಡಿಕೊಂಡಿತು. ಉಪ್ಪುಗಾಳಿಗೆ ದೂರದರ್ಶಕದ ಕನ್ನಡಿಯ ಲೇಪ ಎದ್ದುಬಂತು. ಕೆಳಗಿನ ಸೀಗಡಿ ಹೊಂಡಗಳಿಗೆ ದೊಡ್ಡ ದೊಡ್ಡ ದೀಪ ಬಂದವು. ಆ ದೀಪಗಳಿಗೆ ಮೇಲಿಂದ ತಗಡಿನ ಮರೆ ಕಟ್ಟಿಸಲು ಕಮಲಿ ಮಾಲೀಕರ ಮನೆಗೆ ಏಳು ಸಲ ಹೋಗಿಬಂದಿದ್ದಾರೆ. ಎಂಟನೇ ಸಲಕ್ಕೆ ಮಾಲೀಕರೇ ಕಟ್ಟಿಸಿದರು.

ಆದರೆ ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹಿಂದಿನ ವರ್ಷದ ಜನವರಿಯಲ್ಲಿ.

ಕಮಲಿಯ ಅಳತೆಗಳು ಹೋಗುವುದು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿರುವ ಖಗೋಳ ವಿಜ್ಞಾನಿ ಸುಪ್ರಿಯಾ ಅವರಿಗೆ. ಹುಬ್ಬಳ್ಳಿಯವರಾದ ಸುಪ್ರಿಯಾ ಅನಂತಮೂರ್ತಿಯವರ ಪರಿಚಯದಿಂದ ಈ ಕೋಣೆಯನ್ನು ಬಲ್ಲವರು. ಅದಕ್ಕೆ ಒಂದು ತಿಂಗಳು ಮೊದಲು, ಡಿಸೆಂಬರಿನಲ್ಲಿ, ಅವರು ಒಂದು ಪ್ರಬಂಧದ ಕರಡನ್ನು ಕಮಲಿಯ ಮೊಬೈಲಿಗೆ ಕಳಿಸಿದ್ದರು. ನುಚ್ಚಿನ ಗ್ರಹಣಗಳು ಒಮ್ಮೆಲೇ ಲೆಕ್ಕಕ್ಕಿಂತ ಬೇಗ ಬರುತ್ತಿವೆ, ಗೆರೆ ಅಲೆಯಂತೆ ಬಾಗುತ್ತಿದೆ, ಆ ಜೋಡಿಯ ಸುತ್ತ ಒಂದು ಗ್ರಹ ಇರಬೇಕು ಎನ್ನುವುದು ಅದರ ಸಾರ. ಆ ವರ್ಷ ಬೇರೆ ದೇಶಗಳಿಂದ ಬಂದ ಅಳತೆಗಳು ಬೆರಳೆಣಿಕೆಯಷ್ಟು. ಬಾಗನ್ನು ತೋರಿಸಿದ್ದು ಕಮಲಿ ಅಕ್ಟೋಬರಿನಿಂದ ಹಿಡಿದ ನಲವತ್ತೊಂದು ಗ್ರಹಣಗಳು. ಲೇಖಕರ ಸಾಲಿನಲ್ಲಿ ಕಮಲಿಯ ಹೆಸರೂ ಇತ್ತು. ಸುದ್ದಿ ಕಾಲೇಜಿಗೆ ಮುಟ್ಟಿ, ಜನವರಿ ಇಪ್ಪತ್ತಾರರಂದು ಶಾಲು ಹೊದಿಸುವುದೆಂದು ತೀರ್ಮಾನವೂ ಆಗಿತ್ತು.

ಜನವರಿ ಮೂರರ ಸಂಜೆ ಮಾಬ್ಲ ಗುಡ್ಡ ಹತ್ತಿ ಬಂದರು. ಬೋಟಿಗೆ ಹೊಸ ಜಿಪಿಎಸ್ ಬಂದಿತ್ತು. ಸಮುದ್ರದಿಂದ ವಾಪಸ್ ಬರುವಾಗ ಗುರುತಾಗಲೆಂದು ಗುಡ್ಡದ ನೆತ್ತಿಯನ್ನು ಅದರಲ್ಲಿ ದಾಖಲಿಸುವುದಿತ್ತು. ಕೆಲಸ ಮುಗಿಸಿ ಅದನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು. ಕಮಲಿಯ ಕಣ್ಣು ಜಿಪಿಎಸ್ಸಿನ ಪುಟ್ಟ ಪರದೆಯ ಮೇಲೆ ಬಿತ್ತು. ಅದರಲ್ಲಿ ಏಳು ಗಂಟೆ ನಲವತ್ತೊಂದು ನಿಮಿಷ ಎಂಟು ಸೆಕೆಂಡು. ಲ್ಯಾಪ್‌ಟಾಪಿನಲ್ಲಿ ಏಳು ನಲವತ್ತು, ನಲವತ್ತಾರು ಸೆಕೆಂಡು.

ನಿಮ್ಮ ಯಂತ್ರದ ಗಡಿಯಾರ ಮುಂದಿದೆ ಎಂದು ಕಮಲಿ ಗಂಡನಿಗೆ ಹೇಳಿದರು. ಮಾಬ್ಲ ಒಪ್ಪಲಿಲ್ಲ. “ಇದು ಉಪಗ್ರಹದಿಂದ ಹೊತ್ತು ತಕಣ್ತದೆ. ಸಮುದ್ರದಾಗೆ ನಮ್ ಜೀವ ಇದ್ರ ಮೇಲೇ ಅದೆ. ಇದು ಸುಳ್ಳು ಹೇಳುದಿಲ್ಲ.”

ಕಮಲಿ ಮೊಬೈಲಿನಲ್ಲಿ ಸೆಕೆಂಡು ಕಾಣುವ ಹಾಗೆ ಮಾಡಿ ನೋಡಿದರು. ಅದು ಜಿಪಿಎಸ್ಸಿಗೆ ಹೊಂದುತ್ತಿತ್ತು. ಆಗ ನೆನಪಾಯಿತು: ಸೆಪ್ಟೆಂಬರಿನಲ್ಲಿ ಲ್ಯಾಪ್‌ಟಾಪು ಕೆಟ್ಟು ರಿಪೇರಿಯಾಗಿ ಬಂದಿತ್ತು. ಇಂಟರ್‌ನೆಟ್ಟಿನಿಂದ ಗಡಿಯಾರವನ್ನು ಸರಿಪಡಿಸುವ ಸಣ್ಣ ಪ್ರೋಗ್ರಾಂ ಅದರಲ್ಲಿ ಮತ್ತೆ ಹಾಕಿದ್ದಾರೆಯೇ ಎಂದು ಅವರು ನೋಡಿರಲಿಲ್ಲ. ಹಾಕಿರಲಿಲ್ಲ. ಗಡಿಯಾರ ಇಪ್ಪತ್ತೆರಡು ಸೆಕೆಂಡು ಹಿಂದೆ ಬಿದ್ದಿತ್ತು. ಹಿಂದಿದ್ದ ಗಡಿಯಾರದಲ್ಲಿ ಅಳೆದದ್ದರಿಂದಲೇ ಗ್ರಹಣಗಳು ಬೇಗ ಬಂದಂತೆ ಕಂಡಿದ್ದವು.

ಪ್ರಬಂಧ ಪತ್ರಿಕೆಗೆ ಹೋಗಲು ಇನ್ನು ಒಂಬತ್ತು ದಿನ ಉಳಿದಿತ್ತು. ತಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ ಎಂಬುದು ಕಮಲಿಗೆ ಗೊತ್ತಿತ್ತು. ಅದನ್ನು ಅವರು ನನ್ನಿಂದ ಮುಚ್ಚಿಡುವುದಿಲ್ಲ. ಸುಮ್ಮನಿರುವ ಯೋಚನೆ ಬಂದದ್ದು ಹೌದು ಎನ್ನುತ್ತಾರೆ. ಪ್ರೋಗ್ರಾಂ ಹಾಕಿಬಿಟ್ಟರೆ ಮುಂದಿನ ಅಳತೆಗಳು ಸರಿಯಾಗುತ್ತಿದ್ದವು, ಹಳೆಯವು ಗ್ರಹದ ಹೆಸರಿನಲ್ಲಿ ಉಳಿಯುತ್ತಿದ್ದವು. ಇಳಿದು ಬರುವಾಗ ದಾರಿಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದರು. ಮಾಬ್ಲ, “ಹೇಳ್ಬಿಡು. ಹೇಳ್ದೆ ಇದ್ರೆ ನಿಂಗೂ ನಿದ್ದೆ ಬರುದಿಲ್ಲ, ನಂಗೂ ನಿದ್ದೆ ಮಾಡುಕೆ ಬಿಡುದಿಲ್ಲ ನೀನು” ಎಂದರು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆಯುವ ಮೊದಲು, ಅಂಗಳದಲ್ಲಿ ನಿಂತು ಪುಣೆಗೆ ಫೋನು ಮಾಡಿದರು. “ಮೇಡಂ, ನನ್ನ ಗಡಿಯಾರ ಸುಳ್ಳು. ಇಪ್ಪತ್ತೆರಡು ಸೆಕೆಂಡು ಹಿಂದೆ ಅದೆ. ಎಂದಿನಿಂದ ಅಂತ ನಂಗೆ ಗೊತ್ತಿಲ್ಲ. ನನ್ನ ನಲವತ್ತೊಂದೂ ತೆಗೆದು ಹಾಕಿ.”

ಸುಪ್ರಿಯಾ ಈಗ ಆ ಹೊತ್ತನ್ನು ನೆನೆಯುತ್ತಾರೆ: “ಮೊದಲು ಸಿಟ್ಟು ಬಂತು. ಎರಡು ವರ್ಷದ ಕೆಲಸ ಅದು. ಆಮೇಲೆ ಅನ್ನಿಸಿತು, ಕಮಲಕ್ಕನ ಈ ಫೋನು ಹತ್ತು ದಿನ ತಡವಾಗಿದ್ದರೆ ಇಲ್ಲದ ಗ್ರಹವನ್ನು ಇದೆ ಅಂತ ನಾವು ಸಾರಿಬಿಟ್ಟಿರುತ್ತಿದ್ದೆವು.”

ಪ್ರಬಂಧ ನಿಂತಿತು. ಶಾಲಿನ ಕಾರ್ಯಕ್ರಮವೂ ನಿಂತಿತು. ಅಟೆಂಡರ್ ಕೆಲಸ ಬಿಟ್ಟು ಆಕಾಶಕ್ಕೆ ಕೈ ಹಾಕಿದರೆ ಹೀಗೇ ಆಗುವುದು ಎಂದು ಯಾರೋ ಅಂದದ್ದು ಕಮಲಿಯ ಕಿವಿಗೂ ಬಿತ್ತು. ಹತ್ತು ದಿನ ಅವರು ಗುಡ್ಡದ ಕಡೆ ಮುಖ ಹಾಕಲಿಲ್ಲ.

ಹನ್ನೊಂದನೆಯ ದಿನ ಪ್ರಯೋಗಾಲಯದ ಕಪಾಟು ಒರೆಸುವಾಗ ಅನಂತಮೂರ್ತಿಯವರ ಕೈಬರಹದ ಹಳೆಯ ಪಟ್ಟಿಯೊಂದು ಸಿಕ್ಕಿತು. ವಾರಕ್ಕೊಮ್ಮೆ ನುಚ್ಚಿನ ಜೊತೆಗೆ ಇನ್ನೊಂದು ಜೋಡಿ ನಕ್ಷತ್ರದ ಗ್ರಹಣವನ್ನೂ ಹಿಡಿಯಬೇಕೆಂದು ಅವರು ಕಟ್ಟಳೆ ಹಾಕಿದ್ದರು. ಆ ಜೋಡಿಯಲ್ಲಿ ಒಂದರಿಂದ ಒಂದಕ್ಕೆ ಅನಿಲ ಹರಿಯುವುದಿಲ್ಲ, ಗದ್ದಲವಿಲ್ಲ. ಅದರ ಗ್ರಹಣಗಳು ಲೆಕ್ಕ ಹಾಕಿದ ಸೆಕೆಂಡಿಗೇ ಬರುತ್ತವೆ. ಅದನ್ನು ಅವರು ‘ಸಾಕ್ಷಿ’ ಎನ್ನುತ್ತಿದ್ದರು. ಸರ್ ತೀರಿಕೊಂಡ ಮೇಲೂ ಕಮಲಿ ಆ ಪದ್ಧತಿ ಬಿಟ್ಟಿರಲಿಲ್ಲ. ಆ ಮೂರು ತಿಂಗಳಲ್ಲಿ ಸಾಕ್ಷಿಯ ಹನ್ನೊಂದು ಗ್ರಹಣಗಳು ಅವರ ಪುಸ್ತಕದಲ್ಲಿದ್ದವು. ಅವನ್ನು ಬಿಡಿಸಿ ಲೆಕ್ಕಕ್ಕೆ ಹೋಲಿಸಿ ನೋಡುವ ಕೆಲಸ ವರ್ಷದ ಕೊನೆಗೆ ಮಾಡಿದರಾಯಿತು ಎಂದು ಹಾಗೇ ಇಟ್ಟಿದ್ದರು.

ಸಂಜೆ ಕಾಲೇಜು ಖಾಲಿಯಾದ ಮೇಲೆ ಕಮಲಿ ಗ್ರಾಫು ಹಾಳೆ ಹಾಸಿಕೊಂಡು ಕೂತರು. ಸಾಕ್ಷಿ ಬರಬೇಕಾದ ಹೊತ್ತಿಗೂ ತಮ್ಮ ಗಡಿಯಾರದಲ್ಲಿ ಬಂದ ಹೊತ್ತಿಗೂ ಇರುವ ವ್ಯತ್ಯಾಸವನ್ನು ಒಂದೊಂದಾಗಿ ಗುರುತಿಸಿದರು. ಅಕ್ಟೋಬರ್ ಮೊದಲ ವಾರ ಎರಡು ಸೆಕೆಂಡು. ನವೆಂಬರಿನ ನಡುವೆ ಹನ್ನೊಂದು. ಡಿಸೆಂಬರ್ ಕೊನೆಗೆ ಇಪ್ಪತ್ತೊಂದು. ಹನ್ನೊಂದೂ ಚುಕ್ಕಿಗಳು ಒಂದೇ ನೇರ ಗೆರೆಯ ಮೇಲೆ ಕೂತವು. ಗಡಿಯಾರ ದಿನಕ್ಕೆ ಸುಮಾರು ಕಾಲು ಸೆಕೆಂಡಿನಂತೆ, ಒಂದೇ ಸಮನೆ ಹಿಂದೆ ಬಿದ್ದಿತ್ತು. ಯಾವ ದಿನ ಎಷ್ಟು ತಪ್ಪಿತ್ತು ಎಂಬುದು ಈಗ ಗೊತ್ತಾಗುವಂತಿತ್ತು. ಎಷ್ಟು ತಪ್ಪಿತ್ತೆಂದು ಗೊತ್ತಾದರೆ ಅಷ್ಟನ್ನು ಕೂಡಿಸಿ ಸರಿಪಡಿಸಬಹುದು.

ಗ್ರಾಫಿನ ಫೋಟೊ ತೆಗೆದು ಸುಪ್ರಿಯಾಗೆ ಕಳಿಸಿದರು, ಒಂದು ಅಕ್ಷರವನ್ನೂ ಬರೆಯದೆ. ಐದು ನಿಮಿಷಕ್ಕೆ ಪುಣೆಯಿಂದ ಫೋನು ಬಂತು.

ಸುಪ್ರಿಯಾ ಅವರ ತಂಡ ಆರು ವಾರ ಕೂತು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿತು. ನಲವತ್ತೊಂದೂ ಗ್ರಹಣಗಳು ಉಳಿದವು. ಗ್ರಹ ಮಾತ್ರ ಮಾಯವಾಯಿತು. ಅದರ ಜಾಗದಲ್ಲಿ ಬೇರೆಯದೊಂದು ಕಾಣಿಸಿತು. ಅಲೆಯಿಲ್ಲದೆ ಒಂದೇ ಸಮನೆ ಇಳಿಯುವ ಗೆರೆ. ನುಚ್ಚಿನ ಜೋಡಿ ಹತ್ತಿರವಾಗುತ್ತಿದೆ. ಹದಿನೈದು ವರ್ಷದಲ್ಲಿ ಒಂದು ಸುತ್ತಿನ ಅವಧಿ ಕಡಿಮೆಯಾದದ್ದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿನಷ್ಟು. ಆದರೆ ನಲವತ್ತೊಂದು ಸಾವಿರ ಸುತ್ತುಗಳಲ್ಲಿ ಅದು ಸೇರುತ್ತ ಸೇರುತ್ತ, ಇಂದಿನ ಗ್ರಹಣ ಹಳೆಯ ಲೆಕ್ಕಕ್ಕಿಂತ ಒಂದು ನಿಮಿಷ ಬೇಗ ಬರುತ್ತಿದೆ. ಇದು ಈಗಿನ ಸಿದ್ಧಾಂತಗಳು ಹೇಳುವುದಕ್ಕಿಂತ ವೇಗವಾದ ಇಳಿಕೆ ಎನ್ನುತ್ತಾರೆ ಸುಪ್ರಿಯಾ. ಯಾಕೆಂದು ಇನ್ನೂ ಗೊತ್ತಿಲ್ಲ, ಅದಕ್ಕೇ ಇನ್ನಷ್ಟು ವರ್ಷ ನೋಡಬೇಕು. ಹೊಸ ಪ್ರಬಂಧ ಕಳೆದ ಡಿಸೆಂಬರಿನಲ್ಲಿ ಪ್ರಕಟವಾಯಿತು. ಲೇಖಕರಲ್ಲಿ ನಾಲ್ಕನೆಯ ಹೆಸರು ಕಮಲಿ ಹರಿಕಂತ್ರ, ಕಾಗಾಲ. ಗಡಿಯಾರದ ತಪ್ಪು ಮತ್ತು ಅದನ್ನು ಸರಿಪಡಿಸಿದ ಬಗೆಗೆ ಅದರಲ್ಲಿ ಎರಡು ಪುಟಗಳಿವೆ.

ಈಗ ಲ್ಯಾಪ್‌ಟಾಪಿನ ಪಕ್ಕ ಒಂದು ಹಳೆಯ ಜಿಪಿಎಸ್ ಶಾಶ್ವತವಾಗಿ ಕೂತಿದೆ, ಮಾಬ್ಲರ ಬೋಟಿನಲ್ಲಿ ಮೊದಲಿದ್ದದ್ದು. ಹೊನ್ನಾವರದ ಬಂದರಿನಲ್ಲಿ ಬೋಟುಗಳ ವೈರ್‌ಲೆಸ್ ರಿಪೇರಿ ಮಾಡುವ ರಾಜೇಶ ಅದಕ್ಕೊಂದು ವಯರು ಬೆಸೆದುಕೊಟ್ಟಿದ್ದಾರೆ. ಪ್ರತಿ ಫೋಟೊದ ಹೊತ್ತೂ ಈಗ ನೇರ ಉಪಗ್ರಹದಿಂದ ಬರುತ್ತದೆ. ಆದರೂ ಕಮಲಿ ವಾರಕ್ಕೊಮ್ಮೆ ಸಾಕ್ಷಿಯನ್ನು ಹಿಡಿಯುತ್ತಾರೆ, ಅಂದೇ ಬಿಡಿಸಿಯೂ ನೋಡುತ್ತಾರೆ.

ಫೆಬ್ರವರಿಯಲ್ಲಿ ಭಟ್ಕಳದ ವಿಜ್ಞಾನ ಶಿಕ್ಷಕರ ಶಿಬಿರವೊಂದಕ್ಕೆ ಅವರನ್ನು ಕರೆದಿದ್ದರು. ಅರವತ್ತು ಮಂದಿ ಶಿಕ್ಷಕರ ಮುಂದೆ ಅವರು ಮೊದಲು ಹೇಳಿದ್ದು ತಮ್ಮ ತಪ್ಪನ್ನು. ಅದ್ಯಾಕೆ ಎಂದು ನಾನು ಕೇಳಿದ್ದಕ್ಕೆ, “ಸರಿ ಆದದ್ದು ಪ್ರಬಂಧದಾಗೆ ಅದೆ, ಯಾರು ಬೇಕಾದ್ರೂ ಓದ್ತಾರೆ. ತಪ್ಪನ್ನ ನಾನೇ ಹೇಳ್ಬೇಕಲ್ಲ” ಎಂದರು.

ಬೆಳಕು ಹರಿಯುತ್ತಿದೆ. ಅಘನಾಶಿನಿಯ ಅಳಿವೆಯ ಮೇಲೆ ಬೋಟುಗಳು ಸಾಲಾಗಿ ಹೊರಟಿವೆ. ಕಮಲಿ ಮಾಡನ್ನು ಎಳೆದು ಮುಚ್ಚಿ ಬೀಗ ಹಾಕುತ್ತಾರೆ. ಇಳಿಯುತ್ತ ಮಳೆಗಾಲದ ಮಾತು ಬರುತ್ತದೆ. ಮೇ ಕೊನೆಗೆ ಕನ್ನಡಿಯನ್ನು ಬಿಚ್ಚಿ ಮನೆಗೆ ತಂದು, ಗಾಳಿಯಾಡದ ಡಬ್ಬದಲ್ಲಿ, ಕುಮಟಾದ ಚಪ್ಪಲಿ ಅಂಗಡಿಗಳಿಂದ ಕೇಳಿ ತಂದ ತೇವ ಹೀರುವ ಪೊಟ್ಟಣಗಳ ನಡುವೆ ಇಡುತ್ತಾರೆ. ನುಚ್ಚು ನೆತ್ತಿಯ ಮೇಲೆ ಬರುವ ತಿಂಗಳುಗಳೇ ಇಲ್ಲಿ ಮೋಡ ಕವಿದಿರುವ ತಿಂಗಳು. ಒಂಬತ್ತು ವರ್ಷವೂ ಅವರ ಗೆರೆ ಜೂನಿನಿಂದ ಸೆಪ್ಟೆಂಬರಿನವರೆಗೆ ತುಂಡಾಗಿದೆ.

ಈ ಆಗಸ್ಟಿನಲ್ಲಿ ಸುಪ್ರಿಯಾ ಆರು ದಿನದ ವೀಕ್ಷಣೆಗೆ, ಮಳೆಗಾಲದಲ್ಲೂ ಆಕಾಶ ತಿಳಿಯಾಗಿರುವ ಲಡಾಖಿನ ಬೆಟ್ಟಗಳಿಗೆ ಹೋಗುತ್ತಿದ್ದಾರೆ. ಜೊತೆಗೆ ಬನ್ನಿ ಎಂದು ಕಮಲಿಯನ್ನು ಕರೆದಿದ್ದಾರೆ. ಬೆಳಗಾವಿಯಿಂದ ಆಚೆ ಎಂದೂ ಹೋಗಿರದ ಕಮಲಿ ರಜೆಯ ಅರ್ಜಿ ಕೊಟ್ಟಾಗಿದೆ, ದಪ್ಪ ಸ್ವೆಟರಿಗೆ ಹೇಳಿಯೂ ಆಗಿದೆ. ಅಲ್ಲಿಗೆ ಹೋಗಿ ಎಂತ ನೋಡುವ ಆಸೆ ಎಂದು ಕೇಳುತ್ತೇನೆ. ಹಿಮವೆಂದೋ ಬೆಟ್ಟವೆಂದೋ ಹೇಳಬಹುದೆಂದುಕೊಂಡಿದ್ದೆ.

ಕಮಲಿ ಕಾಲುಹಾದಿಯಲ್ಲಿ ನಿಲ್ಲುತ್ತಾರೆ. “ಆಗಸ್ಟಿನಾಗೆ ನುಚ್ಚನ್ನ ನಾ ಒಂದ್ಸಲನೂ ಕಂಡಿಲ್ಲ. ನನ್ನ ಗೆರೆ ಮೇಲೆ ಆ ಜಾಗ ಎಲ್ಲಾ ವರ್ಷನೂ ಖಾಲಿ. ಅಲ್ಲಿ ನನ್ನ ಕೈಯಿಂದ ಒಂದು ಚುಕ್ಕಿ ಇಟ್ಟು ಬಂದ್ರೆ ಆತು.”